ಸರ್ಕಾರ ಬದಲಾದ ಕೂಡಲೇ ಬದಲಾಗುವ ವರದಿಗಳು: ನಮ್ಮ ಮೂರು ಜಿಲ್ಲೆಗಳ ಪತ್ರಕರ್ತರ ಬಗ್ಗೆ ಒಂದು ಚರ್ಚೆ

ಕೆರೆಕೋಡಿ, ಕೋಲಾರ:

ಶಾಸಕರೊಬ್ಬರು ಪಕ್ಷ ಬದಲಿಸಿದರೆ ಅದಕ್ಕೊಂದು ದಾಖಲೆ ಉಳಿಯುತ್ತದೆ. 2019ರ ಜುಲೈನಲ್ಲಿ 17 ಶಾಸಕರನ್ನು ಅನರ್ಹಗೊಳಿಸಿದ ಅಂದಿನ ಸಭಾಧ್ಯಕ್ಷ ಕೆ.ಆರ್. ರಮೇಶ್ ಕುಮಾರ್ ನಮ್ಮ ಶ್ರೀನಿವಾಸಪುರದವರು. ಹಾಗೆ ಅನರ್ಹಗೊಂಡು, ಅದೇ ವರ್ಷದ ಡಿಸೆಂಬರ್ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದುಬಂದವರಲ್ಲಿ ಪಕ್ಕದ ಚಿಕ್ಕಬಳ್ಳಾಪುರದ ಡಾ. ಕೆ. ಸುಧಾಕರ್ ಒಬ್ಬರು. ಅವರನ್ನು ಮತದಾರರು 2023ರಲ್ಲಿ ಸೋಲಿಸಿದರು, 2024ರಲ್ಲಿ ಲೋಕಸಭೆಗೆ ಕಳುಹಿಸಿದರು. ಸರಿಯೋ ತಪ್ಪೋ, ಅಲ್ಲಿ ಒಂದು ಲೆಕ್ಕಾಚಾರ ಬಹಿರಂಗವಾಗಿ ನಡೆಯಿತು. ಆದರೆ ಅಂಥ ಶಾಸಕರಿಗೆ ನಿಷ್ಠೆಯ ಪಾಠ ಹೇಳಿದ ವರದಿಗಾರರು ತಾವೇ ನಿಷ್ಠೆ ಬದಲಿಸಿದಾಗ ಯಾವ ದಾಖಲೆಯೂ ಉಳಿಯುವುದಿಲ್ಲ. ನಿನ್ನೆಯ ಪತ್ರಿಕೆ ರದ್ದಿಗೆ ಹೋಗುತ್ತದೆ, ಅದರೊಂದಿಗೆ ನಿನ್ನೆಯ ಅಭಿಪ್ರಾಯವೂ ಹೋಗುತ್ತದೆ.

ನಾನು ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ನೀರಿನ ಸುದ್ದಿಗಳನ್ನು ಮೊದಲಿನಿಂದಲೂ ಕತ್ತರಿಸಿ ಇಟ್ಟುಕೊಂಡು ಬಂದಿದ್ದೇನೆ, ಏಕೆಂದರೆ ನಮ್ಮ ಊರಿನ ಕೆರೆಯೂ ಆ ಪಟ್ಟಿಯಲ್ಲಿದೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್‌ನಂತೆ ಜಿಲ್ಲೆಯ 126 ಕೆರೆಗಳಿಗೆ ಹರಿಸುವ ಯೋಜನೆ ಅದು. 2018ರ ಜೂನ್‌ನಲ್ಲಿ ಮೊದಲು ನೀರು ಬಂದದ್ದು ಲಕ್ಷ್ಮೀಸಾಗರ ಕೆರೆಗೆ, ಮರುತಿಂಗಳೇ ಅಲ್ಲಿ ನೊರೆ ಕಾಣಿಸಿಕೊಂಡಿತು. ವಿಷಯ ಹೈಕೋರ್ಟಿಗೂ ಹೋಯಿತು, ಸುಪ್ರೀಂ ಕೋರ್ಟಿಗೂ ಹೋಯಿತು.

ಜಿಲ್ಲೆಯಲ್ಲಿ ಹೆಸರು ಮಾಡಿದ ಒಬ್ಬ ಹಿರಿಯ ವರದಿಗಾರರ ಬರಹಗಳನ್ನು ಸಾಲಾಗಿ ಹರಡಿಕೊಂಡು ಓದಿದಾಗ ನನಗೆ ಕಂಡದ್ದು ಹೀಗಿದೆ. ನೊರೆ ಬಂದ ಆ ದಿನಗಳಲ್ಲಿ ಅವರಿಗೆ ನೊರೆ ಕಾಣಲಿಲ್ಲ, ಬರಪೀಡಿತ ಜಿಲ್ಲೆಗೆ ಗಂಗೆಯನ್ನು ತಂದ ಭಗೀರಥರ ಸನ್ಮಾನದ ಫೋಟೊಗಳು ಕಂಡವು. 2019ರಲ್ಲಿ ಸರ್ಕಾರ ಬದಲಾದ ಮೇಲೆ ಅವರು ಅದೇ ಕೆರೆಯ ದಡಕ್ಕೆ ಹೋಗಿ ಮೂರನೇ ಹಂತದ ಶುದ್ಧೀಕರಣ ಏಕಿಲ್ಲ ಎಂದು ಸರಣಿ ಬರೆದರು. ಒಳ್ಳೆಯ ಸರಣಿ ಅದು, ಕೊಳವೆಬಾವಿಯ ನೀರು ಪರೀಕ್ಷೆಯಾಗಬೇಕೆಂದು ಒತ್ತಾಯಿಸಿತ್ತು. 2023ರ ಮೇ ನಂತರ ಆ ಪ್ರಶ್ನೆ ಅವರ ಬರಹದಲ್ಲಿ ಒಮ್ಮೆಯೂ ಕಾಣಿಸಿಕೊಂಡಿಲ್ಲ. ಮೂರನೇ ಹಂತದ ಶುದ್ಧೀಕರಣವೇನೂ ಆ ಹೊತ್ತಿಗೆ ಬಂದಿರಲಿಲ್ಲ.

ಅಂತರ್ಜಲ ಏರಿದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಬತ್ತಿದ ಬಾವಿಗಳಲ್ಲಿ ನೀರು ಬಂದಿದೆ, ರೈತರು ಟೊಮೆಟೊ ಬೆಳೆದಿದ್ದಾರೆ. ಯೋಜನೆಯ ಪರವಾಗಿ ಬರೆಯುವುದಕ್ಕೂ ವಿರೋಧವಾಗಿ ಬರೆಯುವುದಕ್ಕೂ ಬೇಕಾದಷ್ಟು ಕಾರಣಗಳಿವೆ. ನನ್ನ ಆಕ್ಷೇಪ ಇಷ್ಟೇ: ನೀರು ಅದೇ, ಕೆರೆ ಅದೇ, ವಿಧಾನಸೌಧದಲ್ಲಿ ಕುಳಿತವರು ಮಾತ್ರ ಬೇರೆಯಾದಾಗ ವರದಿ ಏಕೆ ಬೇರೆಯಾಗಬೇಕು? ತುಮಕೂರು ಮತ್ತು ಚಿಕ್ಕಬಳ್ಳಾಪುರದ ಸದಸ್ಯರೂ ತಮ್ಮ ಅನುಭವವನ್ನು ಬರೆಯಬೇಕೆಂದು ಕೋರುತ್ತೇನೆ. ವ್ಯಕ್ತಿಗಳ ಹೆಸರು ಬೇಡ, ಪತ್ರಿಕೆಗಳ ಹೆಸರೂ ಬೇಡ.

ಗಡಿ ತಾಲ್ಲೂಕಿನ ಅರೆಕಾಲಿಕ ವರದಿಗಾರ:

ಕೆರೆಕೋಡಿಯವರೇ, ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಅರೆಕಾಲಿಕ ವರದಿಗಾರನಾಗಿ ಕೆಲಸ ಮಾಡುತ್ತೇನೆ. ನಿಮ್ಮ ಮಾತು ನೋವುಂಟು ಮಾಡಿದರೂ ಸುಳ್ಳೆಂದು ಹೇಳಲಾರೆ. ಆದರೆ ನಿಷ್ಠೆ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಒಳಗಿನಿಂದ ನೋಡಿದವನಾಗಿ ಹೇಳಬೇಕಾಗಿದೆ.

ನಮಗೆ ಸಂಬಳವೆಂಬುದಿಲ್ಲ. ತಿಂಗಳಿಗೆ ಬರುವ ಗೌರವಧನ ಬೈಕಿನ ಪೆಟ್ರೋಲಿಗೂ ಮೊಬೈಲಿಗೂ ಸಾಲದು. ಬದುಕು ನಡೆಯುವುದು ಜಾಹೀರಾತಿನ ಕಮಿಷನ್‌ನಿಂದ. ಯುಗಾದಿ, ಸ್ವಾತಂತ್ರ್ಯೋತ್ಸವ, ಗೌರಿ ಗಣೇಶ, ರಾಜ್ಯೋತ್ಸವ, ಶಾಸಕರ ಹುಟ್ಟುಹಬ್ಬ, ಮಾಜಿ ಶಾಸಕರ ಹುಟ್ಟುಹಬ್ಬ, ಪತ್ರಿಕೆಯ ವಾರ್ಷಿಕೋತ್ಸವದ ಪುರವಣಿ, ಹೀಗೆ ಪ್ರತಿಯೊಂದಕ್ಕೂ ನಮಗೆ ಟಾರ್ಗೆಟ್ ಇರುತ್ತದೆ. ಬರಗಾಲದ ತಾಲ್ಲೂಕಿನಲ್ಲಿ ಜಾಹೀರಾತು ಕೊಡಬಲ್ಲವರು ಯಾರು? ಕಾರ್ಖಾನೆಗಳಿಲ್ಲ, ದೊಡ್ಡ ಅಂಗಡಿಗಳಿಲ್ಲ. ಉಳಿದವರು ಶಾಸಕರ ಹಿಂಬಾಲಕರು, ಗುತ್ತಿಗೆದಾರರು, ಕಲ್ಲು ಕ್ರಷರ್ ಮಾಲೀಕರು, ಲೇಔಟ್ ಮಾಡುವವರು. ಇವರೆಲ್ಲ ಅಧಿಕಾರದಲ್ಲಿರುವವರ ಸುತ್ತಲೇ ಇರುತ್ತಾರೆ, ಅಧಿಕಾರ ಕೈಬದಲಾದಾಗ ಇವರೂ ಆ ಮನೆಯಿಂದ ಈ ಮನೆಗೆ ಹೋಗುತ್ತಾರೆ. ನಾವು ಅವರ ಹಿಂದೆ ಹೋಗುತ್ತೇವೆ.

ಇನ್ನೊಂದು ಸಂಗತಿ ಹೊರಗಿನವರಿಗೆ ಗೊತ್ತಿರಲಾರದು. ಜಾಹೀರಾತು ಅಚ್ಚಾದ ಮೇಲೆ ಬಿಲ್ ವಸೂಲಿ ಮಾಡಬೇಕಾದವರೂ ನಾವೇ. ಅರ್ಧ ಪುಟದ ಶುಭಾಶಯ ಹಾಕಿಸಿದ ಮುಖಂಡರು ಹಣ ಕೊಡದೆ ಆರು ತಿಂಗಳು ಅಲೆಸಿದರೆ ಕಚೇರಿ ನಮ್ಮ ಕಮಿಷನ್‌ನಲ್ಲಿ ಹಿಡಿದುಕೊಳ್ಳುತ್ತದೆ. ಹೀಗೆ ಬಾಕಿ ಉಳಿಸಿಕೊಂಡ ಒಬ್ಬ ಗುತ್ತಿಗೆದಾರರ ಮನೆಯ ಜಗುಲಿಯ ಮೇಲೆ ನಾನು ಬಿಲ್ ಹಿಡಿದು ಕುಳಿತಿದ್ದ ಬೆಳಿಗ್ಗೆಯೇ, ಅವರು ಮಾಡಿದ ಚೆಕ್‌ಡ್ಯಾಮ್ ಒಂದೇ ಮಳೆಗೆ ಬಿರುಕು ಬಿಟ್ಟಿದೆ ಎಂದು ಹಳ್ಳಿಯವರು ಫೋಟೊ ಕಳುಹಿಸಿದರು. ಆ ಸುದ್ದಿಯನ್ನು ನಾನು ಬರೆದೆ, ಗುತ್ತಿಗೆದಾರರ ಹೆಸರಿಲ್ಲದೆ ಬರೆದೆ. ಹೆಸರು ಹಾಕಿದ್ದರೆ ಬಿಲ್ ಎಂದಿಗೂ ಬರುತ್ತಿರಲಿಲ್ಲ. ಇದನ್ನು ಸಮರ್ಥನೆಯೆಂದು ತಿಳಿಯಬೇಡಿ, ತಾಲ್ಲೂಕು ಮಟ್ಟದಲ್ಲಿ ಸುದ್ದಿ ಹೇಗೆ ಸವೆಯುತ್ತದೆ ಎಂಬುದನ್ನು ತಿಳಿಸುತ್ತಿದ್ದೇನೆ.

ಹಳೇ ಡೆಸ್ಕು, ತುಮಕೂರು:

ಮೇಲಿನ ಸಹೋದರರ ಮಾತಿನಲ್ಲಿ ಪ್ರಾಮಾಣಿಕತೆಯಿದೆ. ಆದರೆ ಬಡ ಅರೆಕಾಲಿಕ ವರದಿಗಾರನನ್ನು ಮುಂದೆ ನಿಲ್ಲಿಸಿ ಉಳಿದವರೆಲ್ಲ ಅವನ ಹಿಂದೆ ಅಡಗಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಜೀವನದ ಬಹುಭಾಗವನ್ನು ಸುದ್ದಿಮನೆಯ ಉಪಸಂಪಾದಕರ ಸಾಲಿನಲ್ಲಿ ಕಳೆದವನು ನಾನು. ಒಳ್ಳೆಯ ಸಂಬಳ, ಭವಿಷ್ಯನಿಧಿ, ಮಾನ್ಯತಾ ಪತ್ರ ಎಲ್ಲವೂ ಇದ್ದವರೇ ಹೆಚ್ಚು ಸಲೀಸಾಗಿ ಬಣ್ಣ ಬದಲಿಸಿದ್ದನ್ನು ಕಂಡಿದ್ದೇನೆ. ಬಡತನ ಕೆಲವರ ಕೈ ಕಟ್ಟಿಹಾಕುತ್ತದೆ, ನಿಜ. ಆದರೆ ಮುಖ್ಯಮಂತ್ರಿಯ ವಿಮಾನದಲ್ಲಿ ಜೊತೆಗೆ ಹೋಗಬೇಕೆಂಬ ಆಸೆ, ಅಕಾಡೆಮಿಗೋ ನಿಗಮಕ್ಕೋ ನೇಮಕವಾಗಬೇಕೆಂಬ ಆಸೆ ಬಡತನದಿಂದ ಬಂದದ್ದಲ್ಲ.

ಓದುಗರು ಪಕ್ಷಪಾತವನ್ನು ಸಂಪಾದಕೀಯದಲ್ಲಿ ಹುಡುಕುತ್ತಾರೆ. ಅದು ನಡೆಯುವುದು ಪುಟ ಕಟ್ಟುವ ಜಾಗದಲ್ಲಿ. ಒಂದು ಆರೋಪ ಮೊದಲ ಪುಟದಲ್ಲಿ ಬರಬೇಕೋ ಐದನೇ ಪುಟದ ಕೆಳಗೆ ಬರಬೇಕೋ, ಫೋಟೊದಲ್ಲಿ ನಾಯಕರು ನಗುತ್ತಿರಬೇಕೋ ಬೆವರು ಒರೆಸಿಕೊಳ್ಳುತ್ತಿರಬೇಕೋ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಎದುರು ಪಕ್ಷದವರ ಪ್ರತಿಕ್ರಿಯೆಯನ್ನು ಪಡೆಯಲಾಗಿದೆ ಎಂದು ವರದಿಗಾರ ಎದೆ ತಟ್ಟಿ ಹೇಳಬಹುದು, ಆದರೆ ಅದನ್ನು ಅವನು ಕೊನೆಯ ಪ್ಯಾರಾದಲ್ಲಿ ಇಟ್ಟಿರುತ್ತಾನೆ. ರಾತ್ರಿ ಹತ್ತೂವರೆಗೆ ಜಾಹೀರಾತೊಂದು ತಡವಾಗಿ ಬಂದು ಜಾಗ ಕಡಿಮೆಯಾದರೆ ಮೊದಲು ಹಾರುವುದು ಕೊನೆಯ ಪ್ಯಾರಾ. ಯಾರೂ ಸುಳ್ಳು ಬರೆದಿಲ್ಲ, ಯಾರೂ ಆದೇಶ ಕೊಟ್ಟಿಲ್ಲ, ಬೆಳಿಗ್ಗೆ ಓದುಗನ ಕೈಗೆ ಸಿಗುವುದು ಮಾತ್ರ ಒಂದೇ ಕಡೆಯ ಮಾತು. ಇಂಥ ಎಷ್ಟೋ ರಾತ್ರಿಗಳಲ್ಲಿ ಕತ್ತರಿ ಹಿಡಿದವರು ತಮಗೆ ಬೇಕಾದ ಪಕ್ಷದ ವಿಷಯದಲ್ಲಿ ಮಾತ್ರ ಆ ಪ್ಯಾರಾವನ್ನು ಮೇಲಕ್ಕೆ ಎಳೆದು ಉಳಿಸಿಕೊಳ್ಳುತ್ತಿದ್ದರು.

ನಮ್ಮ ತುಮಕೂರಿನ ಉದಾಹರಣೆಯನ್ನೇ ಕೊಡುತ್ತೇನೆ. 2019ರ ಲೋಕಸಭಾ ಚುನಾವಣೆಯಲ್ಲಿ ಎಚ್.ಡಿ. ದೇವೇಗೌಡರು ಕಾಂಗ್ರೆಸ್–ಜೆಡಿಎಸ್ ಮೈತ್ರಿ ಅಭ್ಯರ್ಥಿಯಾಗಿ ಇಲ್ಲಿ ನಿಂತಾಗ, ಹಾಸನದವರು ಇಲ್ಲಿಗೇಕೆ ಬಂದರು ಎಂಬ ಪ್ರಶ್ನೆಯನ್ನು ಕೆಲವರು ವಾರಗಟ್ಟಲೆ ಎತ್ತಿದರು, ತುಮಕೂರಿಗೆ ಹೇಮಾವತಿ ನೀರು ಬಿಡುವ ವಿಷಯದ ಹಳೆಯ ಜಗಳವನ್ನೂ ಕೆದಕಿದರು. ಅವರು ಜಿ.ಎಸ್. ಬಸವರಾಜು ಅವರೆದುರು ಸೋತರು. 2024ರಲ್ಲಿ ಬೆಂಗಳೂರಿನ ರಾಜಕಾರಣದಲ್ಲಿ ಬೆಳೆದ ವಿ. ಸೋಮಣ್ಣ ಬಿಜೆಪಿಯಿಂದ ಬಂದು ನಿಂತು ಗೆದ್ದರು, ಆಗ ಜೆಡಿಎಸ್ ಬಿಜೆಪಿಯ ಜೊತೆಗಿತ್ತು. ಐದು ವರ್ಷದ ಹಿಂದೆ ಹೊರಗಿನವರೆಂಬ ಮಾತನ್ನು ದಪ್ಪಕ್ಷರದಲ್ಲಿ ಬರೆದಿದ್ದ ಕೆಲವರಿಗೆ ಈಗ ಅದು ವಿಷಯವೇ ಆಗಲಿಲ್ಲ. ಆಗ ಮಾಜಿ ಪ್ರಧಾನಿ ಎಲ್ಲಿಯಾದರೂ ನಿಲ್ಲಬಹುದೆಂದು ವಾದಿಸಿದ್ದ ಇನ್ನು ಕೆಲವರಿಗೆ ಈಗ ಸ್ಥಳೀಯತೆ ನೆನಪಾಯಿತು. ಎರಡೂ ಗುಂಪಿನಲ್ಲಿ ನನ್ನ ಸ್ನೇಹಿತರಿದ್ದರು. ಕೇಳಿದರೆ ಇಬ್ಬರದೂ ಒಂದೇ ಉತ್ತರ: ಸಂದರ್ಭ ಬೇರೆ.

ಓದುಗಿ, ಚಿಂತಾಮಣಿ:

ಹಳೇ ಡೆಸ್ಕಿನ ಹಿರಿಯರ ಮಾತನ್ನು ಓದಿ ನನಗೆ ಕೇಳಬೇಕೆನಿಸಿದ ಪ್ರಶ್ನೆ ಇದು. ಸರ್, ನೀವೆಲ್ಲ ಒಬ್ಬರನ್ನೊಬ್ಬರು ಬಲ್ಲಿರಿ, ಯಾರು ಯಾವಾಗ ಯಾವ ಕಡೆ ಹೊರಳಿದರೆಂಬುದೂ ಗೊತ್ತು. ಆದರೂ ಜುಲೈ 1ರ ಪತ್ರಿಕಾ ದಿನಾಚರಣೆಯಲ್ಲಿ ಪ್ರತಿ ವರ್ಷ ನೋಡುವುದೇನು? 1843ರಲ್ಲಿ ಮಂಗಳೂರ ಸಮಾಚಾರ ಹೊರಟ ದಿನವನ್ನು ನೆನೆಯುವ ಸಭೆಯಲ್ಲಿ ಉದ್ಘಾಟನೆಗೆ ಶಾಸಕರು, ಊಟದ ಖರ್ಚಿಗೆ ಸ್ಥಳೀಯ ಮುಖಂಡರು, ವೇದಿಕೆಯ ಹಿಂದಿನ ಫ್ಲೆಕ್ಸ್‌ನಲ್ಲಿ ಹೆರ್ಮನ್ ಮೋಗ್ಲಿಂಗ್ ಅವರ ಚಿತ್ರಕ್ಕಿಂತ ದೊಡ್ಡದಾಗಿ ಅವರ ಚಿತ್ರ. ಅದೇ ವೇದಿಕೆಯಿಂದ ನಿಷ್ಪಕ್ಷಪಾತದ ಭಾಷಣ ಕೇಳಿಬರುತ್ತದೆ, ಅದೇ ವೇದಿಕೆಯಲ್ಲಿ ರಿಯಾಯಿತಿ ದರದ ನಿವೇಶನಕ್ಕಾಗಿ ಮನವಿಪತ್ರವನ್ನೂ ಕೊಡಲಾಗುತ್ತದೆ. ಮನವಿ ಪಡೆದವರ ವಿರುದ್ಧ ಮರುದಿನ ಬರೆಯುವುದು ಹೇಗೆ?

2022ರ ಅಕ್ಟೋಬರ್‌ನಲ್ಲಿ ಮುಖ್ಯಮಂತ್ರಿ ಕಚೇರಿಯಿಂದ ದೀಪಾವಳಿ ಸಿಹಿಯ ಡಬ್ಬಿಯ ಜೊತೆಗೆ ಪತ್ರಕರ್ತರಿಗೆ ನಗದೂ ಹೋಗಿತ್ತೆಂಬ ಆರೋಪ ಬಂತು. ಅಂದಿನ ಮುಖ್ಯಮಂತ್ರಿ ಅದನ್ನು ನಿರಾಕರಿಸಿದರು, ಲೋಕಾಯುಕ್ತಕ್ಕೆ ದೂರು ಹೋಯಿತು, ಕೆಲವರು ಹಣವನ್ನು ಹಿಂದಿರುಗಿಸಿದ್ದಾಗಿಯೂ ವರದಿಯಾಯಿತು. ಹಿಂದಿರುಗಿಸಿದವರಿಗೆ ನನ್ನ ನಮಸ್ಕಾರ. ಆದರೆ ಬೇರೆ ಯಾವುದೇ ಇಲಾಖೆಯಲ್ಲಿ ಇಂಥ ಆರೋಪ ಬಂದಿದ್ದರೆ ತಿಂಗಳುಗಟ್ಟಲೆ ಬೆನ್ನುಹತ್ತುತ್ತಿದ್ದ ಪತ್ರಿಕೆಗಳು ತಮ್ಮವರ ವಿಷಯ ಬಂದಾಗ ಎಷ್ಟು ಬೇಗ ಸುಮ್ಮನಾದವು ಎಂಬುದನ್ನು ನಾವು ಓದುಗರು ಮರೆತಿಲ್ಲ.

ಗುಬ್ಬಿಯ ವಕೀಲ:

ಕಾನೂನಿನ ಕಡೆಯಿಂದ ಒಂದೆರಡು ವಿಷಯ ಸೇರಿಸುತ್ತೇನೆ, ಏಕೆಂದರೆ ದೂರು ಕೊಡಬಹುದಲ್ಲವೇ ಎಂಬ ಪ್ರಶ್ನೆ ಮುಂದೆ ಬಂದೇ ಬರುತ್ತದೆ.

ಹಣ ಪಡೆದು ಸುದ್ದಿ ಪ್ರಕಟಿಸುವ ಪಿಡುಗಿನ ಬಗ್ಗೆ 2009ರ ಲೋಕಸಭಾ ಚುನಾವಣೆಯ ನಂತರ ಭಾರತೀಯ ಪತ್ರಿಕಾ ಮಂಡಳಿ ಉಪಸಮಿತಿಯೊಂದನ್ನು ನೇಮಿಸಿತು. ಆ ಸಮಿತಿ ಪತ್ರಿಕಾ ಸಂಸ್ಥೆಗಳ ಹೆಸರುಗಳ ಸಹಿತ ವಿಸ್ತಾರವಾದ ವರದಿಯನ್ನು ಕೊಟ್ಟಿತು. 2010ರಲ್ಲಿ ಮಂಡಳಿ ಅದನ್ನು ಮೊಟಕುಗೊಳಿಸಿ ಹೊರತಂದಿತು, ಪೂರ್ತಿ ವರದಿ ಹೊರಬರಲು ಮಾಹಿತಿ ಹಕ್ಕಿನಡಿ ಹೋರಾಡಿ 2011ರವರೆಗೆ ಕಾಯಬೇಕಾಯಿತು. ಅಂದರೆ ಪತ್ರಿಕೆಗಳ ತಪ್ಪನ್ನು ಪತ್ರಿಕಾ ಮಂಡಳಿಯೇ ಮುಚ್ಚಿಡಲು ನೋಡಿತು. 1978ರ ಕಾಯ್ದೆಯಡಿ ಆ ಮಂಡಳಿಗೆ ಇರುವ ಅಧಿಕಾರ ಎಚ್ಚರಿಸುವುದು, ಛೀಮಾರಿ ಹಾಕುವುದು, ಖಂಡಿಸುವುದು, ಇಷ್ಟೇ. ದಂಡ ಹಾಕುವ ಅಧಿಕಾರವಿಲ್ಲ.

ಚುನಾವಣೆಯ ಕಾಲದಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಮಾಧ್ಯಮ ಪ್ರಮಾಣೀಕರಣ ಮತ್ತು ಮೇಲ್ವಿಚಾರಣಾ ಸಮಿತಿ ಕೆಲಸ ಮಾಡುತ್ತದೆ. ಕಾಸಿಗಾಗಿ ಸುದ್ದಿ ಎಂದು ಅದಕ್ಕೆ ಅನಿಸಿದರೆ ಅದರ ಮೌಲ್ಯವನ್ನು ಅಭ್ಯರ್ಥಿಯ ವೆಚ್ಚಕ್ಕೆ ಸೇರಿಸುತ್ತದೆ, ನಮ್ಮಲ್ಲಿ ವಿಧಾನಸಭೆಗೆ ಅಭ್ಯರ್ಥಿಯ ವೆಚ್ಚದ ಮಿತಿ 2022ರಿಂದ 40 ಲಕ್ಷ ರೂಪಾಯಿ. ಬಿಸಿ ತಟ್ಟುವುದಾದರೆ ಅಭ್ಯರ್ಥಿಗೆ, ಪತ್ರಿಕೆಗಲ್ಲ. ಕಾಸಿಗಾಗಿ ಸುದ್ದಿಯನ್ನು ಚುನಾವಣಾ ಅಪರಾಧವೆಂದು ಘೋಷಿಸಬೇಕೆಂದು ಕಾನೂನು ಆಯೋಗ 2015ರ ತನ್ನ 255ನೇ ವರದಿಯಲ್ಲಿಯೇ ಶಿಫಾರಸು ಮಾಡಿತ್ತು. ಮಧ್ಯಪ್ರದೇಶದ ಅಂದಿನ ಸಚಿವ ನರೋತ್ತಮ ಮಿಶ್ರಾ ಅವರನ್ನು 2008ರ ಚುನಾವಣೆಯಲ್ಲಿ ಕಾಸಿಗಾಗಿ ಸುದ್ದಿಯ ವೆಚ್ಚವನ್ನು ಲೆಕ್ಕದಲ್ಲಿ ತೋರಿಸಲಿಲ್ಲವೆಂದು ಚುನಾವಣಾ ಆಯೋಗ 2017ರಲ್ಲಿ ಅನರ್ಹಗೊಳಿಸಿದಾಗ ದೊಡ್ಡ ಸುದ್ದಿಯಾಯಿತು, ಮರುವರ್ಷ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು.

ಇವೆಲ್ಲ ಹಣ ಕೈಬದಲಾದ ಪ್ರಕರಣಗಳ ಮಾತಾಯಿತು. ಕೆರೆಕೋಡಿಯವರು ಹೇಳುವ ಹೊರಳುವಿಕೆಗೆ ರಸೀದಿಯೇ ಇರುವುದಿಲ್ಲ, ಆದ್ದರಿಂದ ಅದು ಯಾವ ಕಲಮಿಗೂ ಸಿಗದು. ಸಿಗಬೇಕೆಂದು ನಾನು ಬಯಸುವುದೂ ಇಲ್ಲ. ಅಭಿಪ್ರಾಯ ಬದಲಿಸಿದ ಪತ್ರಕರ್ತನನ್ನು ಶಿಕ್ಷಿಸುವ ಕಾನೂನು ಬಂದರೆ ಅದು ಮೊದಲು ಬಳಕೆಯಾಗುವುದು ಪ್ರಾಮಾಣಿಕವಾಗಿ ಅಭಿಪ್ರಾಯ ಬದಲಿಸಿದವನ ಮೇಲೆ.

ಮೇಷ್ಟರು, ಮುಳಬಾಗಿಲು:

ವಕೀಲರ ಕೊನೆಯ ಮಾತಿನಿಂದ ಮುಂದುವರಿಯುತ್ತೇನೆ. ಪತ್ರಕರ್ತನಿಗೆ ರಾಜಕೀಯ ಇರಬಾರದೆಂಬ ವಾದ ನಮ್ಮ ಪರಂಪರೆಯದಲ್ಲ. ನಮ್ಮೂರಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಪತ್ರಿಕೆ ನಡೆಸಿದರು, 1928ರಲ್ಲಿ ಬಾಗಲಕೋಟೆಯಲ್ಲಿ ನಡೆದ ಪತ್ರಕರ್ತರ ಸಮ್ಮೇಳನದ ಅಧ್ಯಕ್ಷರಾಗಿದ್ದರು, ಮೈಸೂರು ಶಾಸನ ಪರಿಷತ್ತಿನ ಸದಸ್ಯರೂ ಆಗಿದ್ದರು. ದಿವಾನರೊಂದಿಗೆ ಅವರಿಗೆ ಸ್ನೇಹವಿತ್ತು. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ತಿರುಮಲೆ ತಾತಾಚಾರ್ಯ ಶರ್ಮರು ವಿಶ್ವಕರ್ನಾಟಕ ಪತ್ರಿಕೆಯನ್ನು ನಡೆಸಿದರು, ಸ್ವಾತಂತ್ರ್ಯ ಹೋರಾಟದಲ್ಲಿ ನೇರವಾಗಿ ಇಳಿದರು. ಒಬ್ಬರದು ಸಂವಿಧಾನಬದ್ಧ ಸುಧಾರಣೆಯ ದಾರಿ, ಇನ್ನೊಬ್ಬರದು ಚಳವಳಿಯ ದಾರಿ. ಇಬ್ಬರೂ ನಿಷ್ಪಕ್ಷಪಾತಿಗಳೆಂಬ ಸೋಗು ಹಾಕಲಿಲ್ಲ. ಓದುಗನಿಗೆ ಅವರು ಎಲ್ಲಿ ನಿಂತಿದ್ದಾರೆಂಬುದು ತಿಳಿದಿತ್ತು, ಅದನ್ನು ತಿಳಿದೇ ಅವನು ಅವರನ್ನು ಓದುತ್ತಿದ್ದ.

ಪಿ. ಲಂಕೇಶರನ್ನು ನೋಡಿ. ಗುಂಡೂರಾವ್ ಸರ್ಕಾರದ ವಿರುದ್ಧ ಅವರ ಪತ್ರಿಕೆ ಎಷ್ಟು ಕಟುವಾಗಿತ್ತೋ, 1983ರಲ್ಲಿ ಬಂದ ರಾಮಕೃಷ್ಣ ಹೆಗಡೆಯವರ ಸರ್ಕಾರವನ್ನೂ ಅದು ಬಿಡಲಿಲ್ಲ. ಅವರು ಜಾಹೀರಾತು ಪಡೆಯದೆ ಪತ್ರಿಕೆ ನಡೆಸಿದರು ಎಂಬುದನ್ನು ಗಡಿ ತಾಲ್ಲೂಕಿನ ತಮ್ಮನ ಮಾತಿನ ಪಕ್ಕದಲ್ಲಿ ಇಟ್ಟು ನೋಡಬೇಕು. ಕೊನೆಗೆ ಅವರೇ ಪ್ರಗತಿರಂಗವೆಂಬ ಪಕ್ಷ ಕಟ್ಟಿದರು. ಯಶಸ್ವಿಯಾಗಲಿಲ್ಲ, ಆದರೆ ಬಹಿರಂಗವಾಗಿ ಕಟ್ಟಿದರು. ಎಂ.ಜೆ. ಅಕ್ಬರ್ 1989ರಲ್ಲಿ ಕಾಂಗ್ರೆಸ್ಸಿನಿಂದ ಲೋಕಸಭೆಗೆ ಹೋದವರು, 2014ರಲ್ಲಿ ಬಿಜೆಪಿ ಸೇರಿ ಮುಂದೆ ಕೇಂದ್ರ ಸಚಿವರಾದರು. ಅಂಕಣಕಾರರಾಗಿದ್ದ ಪ್ರತಾಪ ಸಿಂಹ 2014ರಲ್ಲಿ ಮೈಸೂರಿನಿಂದ ಸಂಸದರಾದರು. ಇವರ ರಾಜಕೀಯವನ್ನು ಒಪ್ಪುವುದು ಬಿಡುವುದು ಅವರವರಿಗೆ ಸೇರಿದ್ದು, ಆದರೆ ಅವರು ಎಲ್ಲಿಗೆ ಹೋದರೆಂದು ಓದುಗನಿಗೆ ತಿಳಿಯಿತು. ನನಗೆ ಅಸಹ್ಯವೆನಿಸುವುದು ಎಲ್ಲಿಗೂ ಹೋಗದಂತೆ ನಟಿಸುತ್ತ ಎಲ್ಲ ಕಡೆಗೂ ಹೋಗಿಬರುವವರ ವಿಷಯದಲ್ಲಿ. ಬೆಳಿಗ್ಗೆ ಸಚಿವರ ಭಾಷಣ ಬರೆದುಕೊಟ್ಟು ಸಂಜೆ ಅದೇ ಭಾಷಣವನ್ನು ಐತಿಹಾಸಿಕವೆಂದು ವಿಶ್ಲೇಷಿಸುವವರಿದ್ದಾರೆ.

ತುರ್ತು ಪರಿಸ್ಥಿತಿಯ ನಂತರ ಎಲ್.ಕೆ. ಅಡ್ವಾಣಿ ಪತ್ರಿಕೆಯವರಿಗೆ ಹೇಳಿದ್ದು ಪ್ರಸಿದ್ಧವಾಗಿದೆ: ಬಾಗಿ ಎಂದರೆ ನೀವು ತೆವಳಿದಿರಿ. ಆ ಮಾತನ್ನು ಪ್ರತಿ ಜೂನ್ ತಿಂಗಳಲ್ಲಿ ಉದ್ಧರಿಸುವವರಲ್ಲಿ ಎಷ್ಟು ಮಂದಿ ತಮ್ಮ ಮೆಚ್ಚಿನ ಸರ್ಕಾರ ಬಂದಾಗಲೂ ಅದನ್ನು ನೆನೆದಿದ್ದಾರೆ ಎಂದು ಕೇಳಿ ನೋಡಬೇಕು.

ಗಡಿ ತಾಲ್ಲೂಕಿನ ಅರೆಕಾಲಿಕ ವರದಿಗಾರ:

ಮೇಷ್ಟರೇ, ಲಂಕೇಶರ ಹೆಸರು ಹೇಳಿದಿರಿ, ತಲೆಬಾಗುತ್ತೇನೆ. ಆದರೆ ಅವರ ಪತ್ರಿಕೆಯನ್ನು ಓದುಗರು ದುಡ್ಡು ಕೊಟ್ಟು ಕೊಂಡು ಉಳಿಸಿದ್ದರು. ಇಂದು ನಮ್ಮ ತಾಲ್ಲೂಕಿನಲ್ಲಿ ಪತ್ರಿಕೆಯ ಪಿಡಿಎಫ್ ಬೆಳಿಗ್ಗೆ ಆರಕ್ಕೇ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತದೆ. ಅದನ್ನು ಹಂಚುವವರಲ್ಲಿ ಸಾಹಿತ್ಯ ಪರಿಷತ್ತಿನವರೂ ಇದ್ದಾರೆ, ಶಿಕ್ಷಕರೂ ಇದ್ದಾರೆ. ಓದುಗರು ಕೊಡದ ಹಣವನ್ನು ಬೇರೆ ಯಾರೋ ಕೊಡುತ್ತಾರೆ, ಕೊಟ್ಟವರು ಕೇಳುತ್ತಾರೆ. ನನ್ನ ತಪ್ಪನ್ನು ಇದು ಕಡಿಮೆ ಮಾಡದು, ಆದರೂ ಈ ಮಾತನ್ನು ಬಿಟ್ಟು ಚರ್ಚೆ ಮುಂದೆ ಹೋಗಬಾರದು.

ಕೆರೆಕೋಡಿ, ಕೋಲಾರ:

ಎಲ್ಲರಿಗೂ ಧನ್ಯವಾದಗಳು. ಗಡಿ ತಾಲ್ಲೂಕಿನ ಸಹೋದರರ ಕೊನೆಯ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಳೇ ಡೆಸ್ಕಿನ ಹಿರಿಯರು ಹೇಳಿದ ಕೊನೆಯ ಪ್ಯಾರಾದ ವಿಷಯವಂತೂ ಇನ್ನು ಮುಂದೆ ನಾನು ಪತ್ರಿಕೆ ಓದುವ ರೀತಿಯನ್ನೇ ಬದಲಿಸಲಿದೆ.

ಕಾನೂನಿನಿಂದ ಪರಿಹಾರವಿಲ್ಲವೆಂದು ವಕೀಲರು ಹೇಳಿದ ಮೇಲೆ ನಮ್ಮ ಕೈಯಲ್ಲಿರುವುದನ್ನು ಯೋಚಿಸೋಣ. ಪತ್ರಿಕೆಗಳು ತಮ್ಮ ಒಡೆತನದ ವಿವರವನ್ನು ವರ್ಷಕ್ಕೊಮ್ಮೆ ಮಾರ್ಚ್ ಸುಮಾರಿಗೆ ಪ್ರಕಟಿಸುವ ಪದ್ಧತಿ ಬಹುಕಾಲದಿಂದ ಇದೆ. ಅದರ ಜೊತೆಗೆ, ವಾರ್ತಾ ಇಲಾಖೆಯಿಂದ ಆ ವರ್ಷ ಪಡೆದ ಜಾಹೀರಾತಿನ ಮೊತ್ತವನ್ನೂ ಪ್ರಕಟಿಸಿ ಎಂದು ನಾವು ಓದುಗರಾಗಿ ಪತ್ರ ಬರೆಯಬಹುದು. ಪ್ರಕಟಿಸದಿದ್ದರೆ ಮಾಹಿತಿ ಹಕ್ಕಿನಡಿ ಇಲಾಖೆಯನ್ನೇ ಕೇಳಬಹುದು. ಸರ್ಕಾರ ಬದಲಾದ ವರ್ಷಗಳಲ್ಲಿ ಯಾವ ಪತ್ರಿಕೆಗೆ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದನ್ನು ಅದೇ ತಿಂಗಳ ಸುದ್ದಿಗಳ ಪಕ್ಕದಲ್ಲಿಟ್ಟು ನೋಡುವ ಕೆಲಸವನ್ನು ನಾನು ಕೋಲಾರಕ್ಕೆ ಸಂಬಂಧಿಸಿ ಮಾಡಲು ಸಿದ್ಧನಿದ್ದೇನೆ. ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಹಳೆಯ ಸಂಚಿಕೆಗಳು ಸಿಗುವಷ್ಟು ಸಿಗುತ್ತವೆ. ತುಮಕೂರಿನಲ್ಲಿ ವಿಶ್ವವಿದ್ಯಾಲಯವಿದೆ, ಪತ್ರಿಕೋದ್ಯಮ ಓದುವ ವಿದ್ಯಾರ್ಥಿಗಳಿದ್ದಾರೆ. ಹಳೇ ಡೆಸ್ಕಿನವರು ಅವರಲ್ಲಿ ಕೆಲವರನ್ನು ಜೊತೆ ಮಾಡಿಕೊಂಡರೆ ಅಲ್ಲಿಯೂ ಆಗುತ್ತದೆ.

ಮೊದಲು ಕೈಗೆತ್ತಿಕೊಳ್ಳಬೇಕಾದ ವಿಷಯವೂ ಸಿದ್ಧವಾಗಿದೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ ಮುಗಿದದ್ದು 2021ರಲ್ಲಿ. ಬಿಜೆಪಿ ಅಧಿಕಾರದಲ್ಲಿದ್ದಾಗ ಚುನಾವಣೆ ನಡೆಯಲಿಲ್ಲ, ಕಾಂಗ್ರೆಸ್ ಬೊಬ್ಬೆ ಹಾಕಿತು. ಕಾಂಗ್ರೆಸ್ ಅಧಿಕಾರಕ್ಕೆ ಬಂದ ಮೇಲೂ ಅದು ವರ್ಷಗಟ್ಟಲೆ ಮುಂದಕ್ಕೆ ಹೋಯಿತು, ಬಿಜೆಪಿ ಬೊಬ್ಬೆ ಹಾಕಿತು. ಎರಡೂ ಅವಧಿಯಲ್ಲಿ ಒಂದೇ ದನಿಯಲ್ಲಿ ಚುನಾವಣೆ ನಡೆಸಿ ಎಂದು ಬರೆದ ವರದಿಗಾರರು ನಮ್ಮ ಮೂರು ಜಿಲ್ಲೆಗಳಲ್ಲಿ ಯಾರಾದರೂ ಇದ್ದರೆ ಅವರ ಬರಹದ ಕತ್ತರಿಕೆಗಳನ್ನು ದಯವಿಟ್ಟು ಇಲ್ಲಿ ಹಾಕಿ. ಅಂಥವರು ಇದ್ದೇ ಇರುತ್ತಾರೆಂದು ನನಗೆ ನಂಬಿಕೆಯಿದೆ, ಅವರ ಹೆಸರನ್ನು ಮಾತ್ರ ಮುಚ್ಚಿಡಬೇಕಾಗಿಲ್ಲ.